ಪಟ್ಟದ ಗೊಂಬೆ ಸುತ್ತಲಿನ ಹಸಿರು ಗೆರೆ ಹೋಗಿದ್ದು ಹೀಗೆ

ಮೈಸೂರಿನ ನಮ್ಮ ಮನೆಯ ದಸರಾ ಗೊಂಬೆ ಆರತಿಗೆ ಕರೆಯಲು ಪಟ್ಟದ ಗೊಂಬೆಗಳ ಫೋಟೊ ಬೇಕಿತ್ತು, ಹಿಂದಿನ ಹಸಿರು ಗೋಡೆ ಬೇಡ. ಫೋಟೊ ತಿದ್ದುವ ಸಾಫ್ಟ್‌ವೇರ್ ಗಿಂಪ್‌ನ ಫಜಿ ಸೆಲೆಕ್ಟ್ ಬಣ್ಣ ನೋಡಿ ಆರಿಸುತ್ತದೆ. ರಾಣಿಯ ಸೀರೆಯೂ ಹಸಿರೇ, ಗೋಡೆ ಜೊತೆ ಸೆರಗೂ ಹೋಯಿತು!

ಪಾತ್ಸ್ ಟೂಲ್ ಹಿಡಿದೆ. ಅಂಚಿಗೆ ಚುಕ್ಕಿ ಇಡುತ್ತಾ ಸುತ್ತು ಮುಗಿಸಿ ಎಂಟರ್ ಒತ್ತಿದರೆ ಸೆಲೆಕ್ಷನ್ ಸಿದ್ಧ. ಚುಕ್ಕಿ ಕಮ್ಮಿಯಿದ್ದಷ್ಟೂ ಗೆರೆ ನುಣುಪು. ರಾಜನ ಪೇಟದ ತುರಾಯಿ ಹತ್ತಿರ ಮಾತ್ರ ಜಾಸ್ತಿ ಬೇಕು. ಆದರೂ ಸುತ್ತ ಕೂದಲೆಳೆಯಷ್ಟು ಹಸಿರು ಉಳಿದಿತ್ತು. ಸೆಲೆಕ್ಟ್ ಮೆನುವಿನಲ್ಲಿ ಶ್ರಿಂಕ್ (ಸೆಲೆಕ್ಷನ್ ಒಳಕ್ಕೆ ಕುಗ್ಗಿಸಲು) 1 ಪಿಕ್ಸೆಲ್, ಫೆದರ್ (ಅಂಚು ಮೃದುವಾಗಿಸಲು) 1 ಪಿಕ್ಸೆಲ್ ಕೊಟ್ಟೆ, ಮಾಯ.

ಹಿನ್ನೆಲೆಯನ್ನು ಸುಮ್ನೆ ಅಳಿಸಬೇಡಿ, ಅಳಿಸದೆ ಮರೆಮಾಡುವ ಲೇಯರ್ ಮಾಸ್ಕ್ ಹಾಕಿ. ಹೆಚ್ಚು ಕತ್ತರಿಸಿದ ಕಡೆ ಬಿಳಿ ಬ್ರಷ್ ಆಡಿಸಿದರೆ ವಾಪಸ್ ಬರುತ್ತದೆ. ಎಕ್ಸ್‌ಪೋರ್ಟ್ ಪಿಎನ್‌ಜಿಯಲ್ಲೇ ಮಾಡಿ. ಜೆಪೆಗ್‌ನಲ್ಲಿ ಪಾರದರ್ಶಕ ಹಿನ್ನೆಲೆ ಉಳಿಯುವುದಿಲ್ಲ ಅಲ್ವಾ?