ಐದು ತಂತಿ ಸಾಕು: ಕೀತ್ ರಿಚರ್ಡ್ಸ್ ಹಾದಿಯಲ್ಲಿ ರಿಫ್ ಹಿಡಿಯೋದು, ಹಾಡು ಕಟ್ಟೋದು

ನನ್ನ ಹತ್ರ ಗಿಟಾರ್ ಕಲಿಯೋಕೆ ಬರುವ ಮಕ್ಕಳು ಮೊದಲು ಕೇಳುವುದು ಸೋಲೋ, ಅಂದ್ರೆ ಒಬ್ಬರೇ ನುಡಿಸಿ ಮಿಂಚುವ ಭಾಗ. ಬ್ಯಾಂಡಿನಲ್ಲಿ ಬಹಳ ಕಾಲ ಉಳಿಯಬೇಕು, ಸ್ವಂತ ಹಾಡು ಬರೀಬೇಕು ಅನ್ನೋರಿಗೆ ನಾನು ಇಂಗ್ಲೆಂಡಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್‌ನ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರನ್ನು ಕೇಳಿಸುತ್ತೇನೆ. ರೋಲಿಂಗ್ ಸ್ಟೋನ್ಸ್ ಶುರುವಾಗಿದ್ದು 1962ರಲ್ಲಿ. ಅವತ್ತಿಂದ ಆ ಬ್ಯಾಂಡ್ ನಿಂತಿರೋದು ಕೀತ್ ಅವರ ರಿದಮ್ ಕೈ, ಅಂದ್ರೆ ಲಯ ಹಿಡಿದು ನುಡಿಸುವ ಕೈ ಮೇಲೆ. ಆ ಕೈಯ ಗುಟ್ಟನ್ನು ಮನೆಯಲ್ಲೇ ಮಾಡಿ ನೋಡಬಹುದು.

ಆರನೇ ತಂತಿ, ಅಂದ್ರೆ ಎಲ್ಲಕ್ಕಿಂತ ದಪ್ಪದ್ದನ್ನು ಬಿಚ್ಚಿಡಿ. ಐದನೆಯದನ್ನು ಎ ಸ್ವರದಿಂದ ಜಿಗೆ ಇಳಿಸಿ. ಮೊದಲನೆಯದನ್ನು ಇ ಇಂದ ಡಿಗೆ ಇಳಿಸಿ. ನಡುವಿನ ಮೂರನ್ನು ಮುಟ್ಟಬೇಡಿ. ಈಗ ದಪ್ಪದಿಂದ ಸಣ್ಣದಕ್ಕೆ ಜಿ, ಡಿ, ಜಿ, ಬಿ, ಡಿ. ಬೆರಳಿಡದೆ ಸುಮ್ನೆ ಮೀಟಿದರೂ ಜಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು). ನಮ್ಮ ಲೆಕ್ಕದಲ್ಲಿ ಸ, ಪ, ಸ, ಗ, ಪ. ತಂಬೂರಿಯ ಹಾಗೆ ತುಂಬಿಕೊಂಡು ನುಡಿಯುತ್ತದೆ. ಬ್ಲೂಸ್ ಮತ್ತು ಬ್ಯಾಂಜೊ ನುಡಿಸುವವರು ಮೊದಲಿಂದ ಬಳಸುತ್ತಿದ್ದ ಶ್ರುತಿ ಇದು. 1960ರ ದಶಕದ ಕೊನೆಯಲ್ಲಿ ಕೀತ್ ಇದನ್ನು ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವರಿಂದ ತಿಳಿದುಕೊಂಡರು. ಆಮೇಲೆ ದಪ್ಪ ತಂತಿ ಕಿತ್ತುಹಾಕಿ ತಮ್ಮದೇ ಮಾಡಿಕೊಂಡರು. ಅದು ಹೋದರೆ ಷಡ್ಜವೇ ಎಲ್ಲಕ್ಕಿಂತ ಕೆಳಗೆ ಕೂರುತ್ತದೆ, ಬೇಸ್ ನುಡಿಸುವವರಿಗೂ ಜಾಗ ಸಿಗುತ್ತದೆ.

ಇನ್ನು ಎಡಗೈ. ತೋರುಬೆರಳನ್ನು ಐದನೇ ಫ್ರೆಟ್‌ನಲ್ಲಿ (ಗಿಟಾರಿನ ಕುತ್ತಿಗೆ ಮೇಲಿನ ಲೋಹದ ಪಟ್ಟಿ ಕಟ್ಟಿದ ಮನೆ) ಐದೂ ತಂತಿಗೆ ಅಡ್ಡ ಇಡಿ. ಅದು ಸಿ ಮೇಜರ್. ಆ ಬೆರಳು ಎತ್ತದೆ, ನಡುಬೆರಳನ್ನು ಎರಡನೇ ತಂತಿಯ ಆರನೇ ಫ್ರೆಟ್‌ಗೆ, ಉಂಗುರ ಬೆರಳನ್ನು ನಾಲ್ಕನೇ ತಂತಿಯ ಏಳನೇ ಫ್ರೆಟ್‌ಗೆ ಒಟ್ಟಿಗೆ ಒತ್ತಿ, ಬಿಡಿ. ಮತ್ತೆ ಒತ್ತಿ, ಬಿಡಿ. ಕೇಳಿದ ತಕ್ಷಣ ಮುಖ ಅರಳುತ್ತದೆ! ಸ್ಟೋನ್ಸ್‌ನ ಎಷ್ಟೋ ಹಾಡುಗಳ ಬೆನ್ನೆಲುಬು ಈ ಒಂದು ಚಲನೆ. ಬಲಗೈ ಮಾತ್ರ ಆತುರ ಪಡಬಾರದು. ಎರಡು ಏಟಿನ ನಡುವೆ ಜಾಗ ಬಿಡಿ, ಅಂಗೈಯಿಂದ ತಂತಿಗಳನ್ನು ಸುಮ್ಮನಾಗಿಸಿ. ಆ ಮೌನದಲ್ಲೇ ಡ್ರಮ್ಮಿನ ಏಟು ಬಂದು ಕೂರುತ್ತದೆ. ಸ್ಟೋನ್ಸ್‌ನಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಚಾರ್ಲಿ ವಾಟ್ಸ್ ಕೀತ್ ಅವರ ಗಿಟಾರನ್ನೇ ಹಿಂಬಾಲಿಸುತ್ತಿದ್ದರು. ನೀವೂ ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ಬಿಟ್ಟು, ಡ್ರಮ್ಸ್ ನುಡಿಸುವ ಗೆಳೆಯರ ಜೊತೆಗೇ ಅಭ್ಯಾಸ ಮಾಡಿ.

ರಿಫ್, ಅಂದ್ರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಗಿಟಾರ್ ತುಣುಕು, ಬಂತು ಅನ್ನಿ. ಅದನ್ನು ಆ ಕ್ಷಣವೇ ಹಿಡಿದಿಡಬೇಕು. 1965ರಲ್ಲಿ ಬಂದ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿನ ರಿಫ್ಫನ್ನು ಅರೆನಿದ್ದೆಯಲ್ಲೇ ಕ್ಯಾಸೆಟ್ ರೆಕಾರ್ಡರಿಗೆ ಹಾಕಿ ಮಲಗಿಬಿಟ್ಟೆ, ಬೆಳಿಗ್ಗೆ ಕೇಳಿದರೆ ಸ್ವಲ್ಪ ಗಿಟಾರ್, ಆಮೇಲೆ ಬರೀ ಗೊರಕೆ ಅಂತ ಕೀತ್ ಹೇಳುತ್ತಾರೆ. ನಮ್ಮ ಹತ್ರ ಫೋನೇ ಇದೆ, ಅಲ್ವಾ? ಮೊದಲು ಮಾತಿಲ್ಲದೆ ಬರೀ ಸ್ವರಾಕ್ಷರ ಹಾಡಿ: ಆ, ಓ, ಏ. ಯಾವ ಜಾಗದಲ್ಲಿ ಯಾವ ಸದ್ದು ಎಳೆಯೋಕೆ ಹಿತ ಅಂತ ಗೊತ್ತಾದ ಮೇಲೆ ಅದಕ್ಕೆ ಹೊಂದುವ ಪದ ಹುಡುಕಿ. ಕೀತ್ ಕೂಡ ಹೀಗೇ ಮಾಡುತ್ತಾರೆ. ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೂ ಸಲೀಸು. ಬಂದೆ, ಹೋದೆ, ಇಲ್ಲಾ, ಬೇಕೋ ಅಂತ ನಮ್ಮ ಸಾಲುಗಳ ಕೊನೆಯಲ್ಲಿ ಎಳೆಯೋಕೆ ಸ್ವರ ಇದ್ದೇ ಇರುತ್ತದೆ. ಇಂಗ್ಲಿಷ್ ಹಾಡಿನ ಅಚ್ಚಿಗೆ ಕನ್ನಡ ತುರುಕಬೇಡಿ, ಉಸಿರು ಕಟ್ಟುತ್ತದೆ.

ಹಾಡು ಮುಗಿದ ದಿನವೇ ಮಾಡಬೇಕಾದ ಕೆಲಸ ಇನ್ನೊಂದಿದೆ. ಸ್ಟೋನ್ಸ್‌ನ ಬಹುಪಾಲು ಹಾಡುಗಳ ಮೇಲೆ ಇರೋದು ಗಾಯಕ ಮಿಕ್ ಜಾಗರ್, ರಿಚರ್ಡ್ಸ್ ಎರಡೇ ಹೆಸರು. ಹೆಸರು ಯಾರದ್ದೋ ರಾಯಲ್ಟಿ ಅವರದ್ದು. ನಿಮ್ಮ ಬ್ಯಾಂಡಿನಲ್ಲಿ ಸಾಹಿತ್ಯ ಯಾರದ್ದು, ರಾಗ ಯಾರದ್ದು, ಪಾಲೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. 2012ರ ಕಾಪಿರೈಟ್ ತಿದ್ದುಪಡಿ ಬಂದಮೇಲೆ ನಮ್ಮ ದೇಶದಲ್ಲಿ ಸಾಹಿತ್ಯ ಬರೆದವರ, ಸಂಗೀತ ಮಾಡಿದವರ ರಾಯಲ್ಟಿ ಹಕ್ಕನ್ನು ಕಂಪನಿಗಳು ಬರೆಸಿಕೊಳ್ಳುವಂತಿಲ್ಲ. ಹಾಡು ಬರೆದವರ, ಸಂಗೀತ ಮಾಡಿದವರ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ ಐಪಿಆರ್‌ಎಸ್‌ನ ಸದಸ್ಯರಾಗಿ ನಿಮ್ಮ ಹಾಡನ್ನು ನೋಂದಾಯಿಸಿ.