ಹೊಲಗೇರು ಇರುವ ಬೆಟ್ಟದಲ್ಲಿ ಸೊಪ್ಪಿನ ಕೆಲಸ: ನನ್ನ ಅನುಭವ

ಶಿರಸಿ ಕಡೆ ಅಡಿಕೆ ತೋಟ ಇದ್ದವರಿಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಹಾಕುವ ಸೊಪ್ಪು ತರುವ ಕಾಡು, ಬೇಕೇ ಬೇಕು. ಬೆಟ್ಟ ಅಂದಮೇಲೆ ಸೊನೆ ತಾಗಿದರೆ ಮೈ ಸುಡುವ ಹೊಲಗೇರು ಮರ ಇದ್ದೇ ಇರುತ್ತದೆ. ಕಡಿದು ಹಾಕಿ ಎನ್ನುವವರೇ ಜಾಸ್ತಿ. ನಾನು ಒಂದನ್ನೂ ಕಡಿಸಿಲ್ಲ. ಈ ಕುಲದ ಕೆಲವು ಜಾತಿಗಳು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಇದರ ನೆಂಟ ಕರಿಗೇರು ಮರದ ಕುಲಕ್ಕೆ ಸೇರಿದ ಹೊಸ ಜಾತಿಯೊಂದು ನಮ್ಮ ಪಕ್ಕದ ಸಿದ್ದಾಪುರದ ಕತ್ತಲೆಕಾನು ಎಂಬ ಕಾಡಿನಲ್ಲಿ ಸಿಕ್ಕಿ, ದಾಖಲಾದದ್ದು 2000ದಲ್ಲಿ. ಮೈ ಸುಡುತ್ತದೆಂದು ಕಡಿಯುತ್ತಾ ಹೋದರೆ ಏನೇನು ಕಳೆದುಕೊಳ್ಳುತ್ತೇವೋ!

ಮೊದಲು ಗುರುತು ಹಿಡಿಯಬೇಕು. ಎಲೆ ಉದ್ದ, ತುದಿಯ ಕಡೆ ಅಗಲ, ರೆಂಬೆಯ ಕೊನೆಯಲ್ಲಿ ಗುಂಪಾಗಿ ಇರುತ್ತದೆ. ಎಲೆಯ ತೊಟ್ಟಿನಲ್ಲಿ ಮೆತ್ತನೆಯ ಮುಳ್ಳಿನಂಥ ಎರಡು ಪುಟ್ಟ ಚಾಚುಗಳಿರುತ್ತವೆ. ಅವು ಉದುರಿ ಹೋಗುವುದೂ ಉಂಟು. ಹಾಗಾಗಿ ನಾನು ಕಾಂಡವನ್ನೇ ನೋಡುತ್ತೇನೆ. ಪೆಟ್ಟು ಬಿದ್ದಲ್ಲಿ ಸೊನೆ ಗಾಳಿಗೆ ಒಣಗಿ, ಡಾಂಬರು ಸುರಿದ ಹಾಗೆ ಕಪ್ಪು ಪಟ್ಟೆ ಬಿದ್ದಿರುತ್ತದೆ. ಅಂಥ ಮರಕ್ಕೆಲ್ಲ ಸುಣ್ಣದ ಗೆರೆ ಎಳೆದಿಡುತ್ತೇನೆ. ಹೊಸದಾಗಿ ಕೆಲಸಕ್ಕೆ ಬಂದವರಿಗೂ ಗೊತ್ತಾಗಬೇಕಲ್ವಾ?

ಸೊಪ್ಪು ಕಡಿಯುವ ದಿನ ತುಂಬು ತೋಳಿನ ಅಂಗಿ, ಕೈಕಾಲಿಗೆ ತೆಂಗಿನೆಣ್ಣೆ. ಸೊನೆ ತಾಗಿತು ಅನಿಸಿದರೆ ಕೂಡಲೇ ಸೋಪು ಹಚ್ಚಿ ತಣ್ಣೀರಲ್ಲಿ ಚೆನ್ನಾಗಿ ತೊಳೆಯಬೇಕು. ಮನೆಗೆ ಹೋಗಿ ನೋಡೋಣ ಎಂದು ಬಿಡಬಾರದು. ಆಗ ಏನೂ ಕಾಣುವುದಿಲ್ಲ. ತುರಿಕೆ, ಗುಳ್ಳೆ ಏಳುವುದು ಒಂದೆರಡು ದಿನ ಕಳೆದ ಮೇಲೆ. ನೀರಿನ ಡಬ್ಬಿ, ಸೋಪು ಬೆಟ್ಟಕ್ಕೇ ಒಯ್ಯುತ್ತೇನೆ.

ಗುಳ್ಳೆಯ ನೀರು ತಾಗಿದರೆ ಹರಡುತ್ತದೆ ಎಂದು ಹೆದರುತ್ತಾರೆ. ಅದರಿಂದ ಹರಡುವುದಿಲ್ಲ. ಹರಡುವುದು ಕತ್ತಿಯ ಹಿಡಿಕೆ, ಹಗ್ಗ, ಅಂಗಿಯಲ್ಲಿ ಉಳಿದ ಸೊನೆ. ಅಂಗಿಯನ್ನು ಮನೆಯ ಬಟ್ಟೆ ಜೊತೆ ಸೇರಿಸದೆ ಬೇರೆಯಾಗಿ ಒಗೆಯುತ್ತೇವೆ. ಕತ್ತಿಯನ್ನು ಸೋಪು ನೀರಲ್ಲಿ ತಿಕ್ಕುತ್ತೇನೆ. ಒಣಗಿದ ಸೊನೆಗೂ ಸುಡುವ ಗುಣ ಹೋಗಿರುವುದಿಲ್ಲ.

ಬಿದ್ದ ಕೊಂಬೆ ಬಚ್ಚಲ ಒಲೆಗೆ ಬರಲೇಬಾರದು. ಹೊಗೆ ಕಣ್ಣು, ಗಂಟಲು, ಶ್ವಾಸಕೋಶಕ್ಕೇ ಹೋಗುತ್ತದೆ. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಕೊಂಬೆಯನ್ನು ಬಿದ್ದಲ್ಲೇ ಕೊಳೆಯಲು ಬಿಡುತ್ತೇನೆ.

ಕೇರಳದಲ್ಲಿ ಇದು ತಾಗಿದರೆ ತಾರೆ ಮರಕ್ಕೆ ಸುತ್ತು ಬರುವ ನಂಬಿಕೆ ಇದೆ. ನನ್ನ ನಂಬಿಕೆ ಸೋಪಿನ ಮೇಲೆ. ಮುಖ ಊದಿದರೆ, ಕಣ್ಣಿಗೆ ತಾಗಿದರೆ, ಉಸಿರು ಕಟ್ಟಿದಂತಾದರೆ ಮನೆಮದ್ದು ಬೇಡ, ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.