ಮೈದನಹಳ್ಳಿಯಲ್ಲಿ ನಾನು ಕೃಷ್ಣಮೃಗ ಎಣಿಸುವ ಬಗೆ

ಮಧುಗಿರಿ ತಾಲೂಕಿನ ಮೈದನಹಳ್ಳಿ ಹುಲ್ಲುಗಾವಲಿಗೆ ನಾನು ಹೋಗುವುದು ಬೆಳಗಿನ ಜಾವ. ಬಿಸಿಲೇರಿದರೆ ಕೃಷ್ಣಮೃಗಗಳು ನೆರಳು ಹುಡುಕಿ ಮಲಗಿಬಿಡುತ್ತವೆ, ಲೆಕ್ಕ ತಪ್ಪುತ್ತದೆ. ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಜೊತೆಗೆ ಇನ್ನೊಬ್ಬರೂ ಬೇಕು. ಒಬ್ಬರೇ ಆದರೆ ಓಡಿಹೋದ ಹಿಂಡನ್ನೇ ಮತ್ತೆ ಎಣಿಸುವ ಹಾಗಾಗುತ್ತದೆ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ನಡೆದು, ಹಿಂಡು ಎಷ್ಟು ಹೊತ್ತಿಗೆ ಯಾವ ಕಡೆ ಹೋಯಿತು ಅಂತ ಬರೆದುಕೊಳ್ಳುತ್ತೇವೆ. ಆಮೇಲೆ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತೇವೆ.

ಒಟ್ಟು ಸಂಖ್ಯೆ ಒಂದೇ ಸಾಲದು. ಕಪ್ಪು ಗಂಡು, ಇನ್ನೂ ಕಂದಾಗಿರುವ ಎಳೆ ಗಂಡು, ಹೆಣ್ಣು, ಮರಿ ಅಂತ ಬೇರೆ ಬೇರೆ ಬರೆಯಬೇಕು. ನಮ್ಮ ಕಡೆ ಎಲ್ಲರೂ ಜಿಂಕೆ ಅಂತಲೇ ಕರೆಯುತ್ತಾರೆ, ಆದರೆ ಇದು ಹುಲ್ಲೆಯ ಜಾತಿ. ಇದರ ತಿರುಚಿದ ಕೊಂಬು ಜಿಂಕೆಯದರಂತೆ ವರ್ಷಾ ವರ್ಷ ಉದುರುವುದಿಲ್ಲ. ಒಂದೇ ಜಾಗದಲ್ಲಿ ಹಿಕ್ಕೆ ಗುಡ್ಡೆ ಬಿದ್ದಿದ್ದರೆ ಅದು ಗಂಡು ತನ್ನ ಜಾಗಕ್ಕೆ ಹಾಕಿದ ಗುರುತು. ಮರಿ ಹುಟ್ಟಿದ ಹೊಸದರಲ್ಲಿ ತಾಯಿ ಅದನ್ನು ಹುಲ್ಲಿನಲ್ಲಿ ಅಡಗಿಸಿಡುತ್ತದೆ. ಹುಲ್ಲೊಳಗೆ ಇಳಿದು ಹುಡುಕಲೇಬಾರದು. ಜೊತೆಗೆ ಬರುವವರಿಗೆ ಇದನ್ನು ಮೊದಲೇ ಹೇಳುತ್ತೇನೆ.

2007ರಲ್ಲಿ ಇಲ್ಲಿನ 798 ಎಕರೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಆದರೆ ಗಡಿ ನಮ್ಮದು, ಪ್ರಾಣಿಗಳದ್ದಲ್ಲ ಅಲ್ವಾ? ಸುತ್ತಲಿನ ಕಡಲೆಕಾಯಿ, ರಾಗಿ ಹೊಲಕ್ಕೂ ಹೋಗುತ್ತವೆ. ಅದಕ್ಕೇ ರೈತರನ್ನು ಕೇಳದೆ ನಾನು ಎಣಿಕೆ ಮುಗಿಸುವುದಿಲ್ಲ. ಬೆಳೆ ಹಾಳಾದವರ ಸಿಟ್ಟನ್ನೂ ಕೂತು ಕೇಳಬೇಕು. ಹಿಂಡಿನ ದಾರಿ ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ನೋಡಲು ಬಂದವರು ಕೇಳುತ್ತಾರೆ: "ಬರೀ ಹುಲ್ಲಿದೆಯಲ್ಲ ಸಾರ್, ಗಿಡ ನೆಡಬಾರದಾ?" ನೆಡಬಾರದು. ದೂರ ಕಾಣುವ ಕಣ್ಣು, ಜೋರಾಗಿ ಓಡುವ ಕಾಲು, ಈ ಪ್ರಾಣಿಯನ್ನು ಕಾಯುವುದು ಇವೆರಡೇ. ಎರಡಕ್ಕೂ ಬಯಲು ಬೇಕು. ನೀಲಗಿರಿ ತೋಪು ಹಬ್ಬಿದರೆ ಆ ಬಯಲು ಹೋಯಿತು.

ಇದೇ ಕೃಷ್ಣಮೃಗವನ್ನು 1932ರಲ್ಲಿ ಅಮೆರಿಕದ ಟೆಕ್ಸಾಸ್‌ಗೆ ಒಯ್ದರು. ಈಗ ಅಲ್ಲಿ ಬೇಟೆಗೆಂದೇ ಸಾಕುತ್ತಾರೆ, ಬೇಲಿಯಾಚೆಗೂ ಕೆಲವು ಓಡಾಡುತ್ತವೆ. ನಮ್ಮ ಚುಕ್ಕಿ ಜಿಂಕೆಯನ್ನು ಬ್ರಿಟಿಷರು ಅಂಡಮಾನಿನಲ್ಲಿ ಬಿಟ್ಟರು. ಅಲ್ಲಿ ಹುಲಿ, ಚಿರತೆ ಇಲ್ಲ. ಜಿಂಕೆ ಜಾಸ್ತಿಯಾಗಿ ಕಾಡಿನ ಎಳೆ ಸಸಿಗಳನ್ನು ಮೇಯುತ್ತಿವೆ. ಇದನ್ನು ಓದಿದ ಮೇಲೆ, ಪ್ರಾಣಿ ಎಷ್ಟಿವೆ ಅನ್ನುವುದರ ಜೊತೆಗೆ ಅವು ಇರುವ ಜಾಗ ಹೇಗಿದೆ ಅಂತಲೂ ನೋಡಬೇಕು ಅನ್ನಿಸಿ, ಎಣಿಕೆ ಪುಸ್ತಕದಲ್ಲಿ ಇನ್ನೊಂದು ಅಂಕಣ ಹಾಕಿಕೊಂಡೆ. ಹಿಂಡು ನಿಂತ ಕಡೆ ಹುಲ್ಲು ಎಷ್ಟು ಎತ್ತರ ಇದೆ, ಮರ ಎಷ್ಟು ಹತ್ತಿರ ಬಂದಿದೆ ಅಂತ ಅದರಲ್ಲಿ ಬರೆಯುತ್ತೇನೆ. ಹೊಸದಾಗಿ ಎಣಿಸಲು ಹೊರಟವರು ಈ ಅಂಕಣವನ್ನು ಮೊದಲ ದಿನದಿಂದಲೇ ತುಂಬಿ.